ಸ್ಪೇನಿನ ಅನ್ವೇಷಕರ ಕಟ್ಟು ಹಾಕಿದ ಹಳೆಯ ಪಟಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಲಂಬಸ್ ದಡದಲ್ಲಿ ಬಾವುಟ ಎತ್ತಿ ನಿಂತದ್ದು, ಬಾಲ್ಬೋವ ಪೆಸಿಫಿಕ್ ಸಾಗರವನ್ನು ಮೊದಲ ಸಲ ಕಂಡದ್ದು, ಕೊರ್ಟೆಸ್ ಮೆಕ್ಸಿಕೊದ ಅಜ್ಟೆಕ್ ದೊರೆ ಮೊಂಟೆಜುಮಾನ ಎದುರು ನಿಂತದ್ದು. ಗಾಜು ಹಾಕಿ ಕಟ್ಟು ಕಟ್ಟಿಸಿದ ಇಂಥ ಪಟಗಳು ಅಮೆರಿಕ, ಯುರೋಪಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ರಾಶಿ ರಾಶಿ ಸಿಗುತ್ತವೆ. ಅಲ್ಲಿರುವ ಕನ್ನಡಿಗರು ಕೊಳ್ಳುತ್ತಾರೆ, ಕೆಲವರು ಊರಿಗೂ ತರುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಹೆಚ್ಚಾಗಿ ಬರುವವಕ್ಕೆ ಇಲ್ಲಿ ಉತ್ತರವಿದೆ.

## ಮೊದಲ ಹೆಜ್ಜೆಯ ಪ್ರಶ್ನೆಗಳು

ಇದು ಪೇಂಟಿಂಗಾ, ಪ್ರಿಂಟಾ? ದೂರದಿಂದ ನೋಡಿದರೆ ಗೊತ್ತೇ ಆಗಲ್ಲ!

ದೂರದಿಂದ ಗೊತ್ತಾಗಬಾರದು ಅಂತಲೇ ಮಾಡಿದವು ಅವು. 19ನೇ ಶತಮಾನದ ಬಣ್ಣದ ಕಲ್ಲಚ್ಚುಗಳಿಗೆ (ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತಿದ ಪ್ರಿಂಟುಗಳಿಗೆ) ಕ್ಯಾನ್ವಾಸ್ ಬಟ್ಟೆಯ ನೇಯ್ಗೆ ಮೂಡುವಂತೆ ಒತ್ತಿ, ಮೇಲೆ ವಾರ್ನಿಶ್ ಬಳಿಯುತ್ತಿದ್ದರು. ಪರೀಕ್ಷೆ ಸುಲಭ. ಮೊಬೈಲ್ ಟಾರ್ಚನ್ನು ಪಟದ ಪಕ್ಕಕ್ಕೆ, ಗೋಡೆಗೆ ಹೆಚ್ಚುಕಡಿಮೆ ಸಮಾನವಾಗಿ ಹಿಡಿಯಿರಿ. ತೈಲಚಿತ್ರದಲ್ಲಿ ಬಣ್ಣದ ದಪ್ಪ ಚಿತ್ರದ ಆಕಾರವನ್ನೇ ಹಿಂಬಾಲಿಸುತ್ತದೆ: ಮೋಡದಲ್ಲಿ ಒಂದು ಬಗೆಯ ಕುಂಚದ ಗೆರೆ, ಮುಖದಲ್ಲಿ ಇನ್ನೊಂದು ಬಗೆ. ಪ್ರಿಂಟ್ ಆಗಿದ್ದರೆ ಆಕಾಶ, ಮುಖ, ನೀರು ಎಲ್ಲದರ ಮೇಲೂ ಒಂದೇ ಸಮನಾದ ನೇಯ್ಗೆಯ ಗುರುತು. ಆಮೇಲೆ 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿ. ಚುಕ್ಕಿಗಳು ಕಂಡರೆ ಮುಗಿಯಿತು, ಅದು ಪ್ರಿಂಟ್.

ಸ್ಪೇನಿನ ಅನ್ವೇಷಕರು ಅಂದರೆ ಯಾರ್ಯಾರು? ವಾಸ್ಕೋ ಡ ಗಾಮನೂ ಬರ್ತಾನಾ?

ಇಲ್ಲ. 1498ರಲ್ಲಿ ಕಲ್ಲಿಕೋಟೆಗೆ ಬಂದ ಗಾಮ ಪೋರ್ಚುಗಲ್ ದೊರೆಯ ಕಡೆಯವನು. ಆದರೂ ಮಾರುವವರು ಅವನ ಪಟಕ್ಕೂ 'ಸ್ಪೇನಿನ ನಾವಿಕ' ಎಂದು ಚೀಟಿ ಅಂಟಿಸಿರುತ್ತಾರೆ. ಇನ್ನೊಂದು ತಮಾಷೆಯೆಂದರೆ ಸ್ಪೇನಿನ ಲೆಕ್ಕದ ಹೆಸರುಗಳಲ್ಲೂ ಎಲ್ಲರೂ ಸ್ಪೇನಿನವರಲ್ಲ. ಕೊಲಂಬಸ್ ಜಿನೋವಾದವನು, ವೆಸ್ಪುಚಿ ಫ್ಲಾರೆನ್ಸಿನವನು, ಮೆಗಲನ್ ಪೋರ್ಚುಗೀಸ. ಹಡಗು, ಹಣ, ಬಾವುಟ ಸ್ಪೇನಿನದು, ಅಷ್ಟೆ. ಹುಟ್ಟಿನಿಂದಲೇ ಸ್ಪೇನಿನವರು ಎಂದರೆ ಬಾಲ್ಬೋವ (1513, ಪೆಸಿಫಿಕ್), ಪೋನ್ಸೆ ದೆ ಲಿಯೋನ್ (1513, ಫ್ಲಾರಿಡಾ), ಕೊರ್ಟೆಸ್ (1519–21, ಮೆಕ್ಸಿಕೊ), ಪಿಜಾರೋ (1532, ಪೆರು), ಕೊರೊನಾಡೊ (1540), ದೆ ಸೋಟೋ (1541, ಮಿಸಿಸಿಪ್ಪಿ), ಒರೆಯಾನ (1541–42, ಅಮೆಜಾನ್). ಮೆಗಲನ್ ಮಾತ್ರ ನಮ್ಮ ಕಡಲನ್ನೂ ಕಂಡವನು. ಅವನು 1505ರಲ್ಲಿ ಅಲ್ಮೇಡನ ಪೋರ್ಚುಗೀಸ್ ಪಡೆಯೊಂದಿಗೆ ಭಾರತಕ್ಕೆ ಬಂದ. ಆ ಪಡೆಯೇ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿದ್ದು.

ಪಟದಲ್ಲಿರುವ ಮುಖ ನಿಜವಾಗಿ ಕೊಲಂಬಸನದೇನಾ?

ಅವನು ಬದುಕಿದ್ದಾಗ ಎದುರು ಕೂರಿಸಿ ಬರೆದ ಚಿತ್ರ ಯಾವುದೂ ಉಳಿದಿಲ್ಲ. ಅವನು ಸತ್ತದ್ದು 1506ರಲ್ಲಿ. ಪಠ್ಯಪುಸ್ತಕಗಳಲ್ಲೆಲ್ಲ ಕಾಣುವ, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಸೆಬಾಸ್ಟಿಯಾನೊ ದೆಲ್ ಪಿಯೊಂಬೊನ ಚಿತ್ರದ ಮೇಲಿರುವ ಇಸವಿ 1519. ಹಾಗಾಗಿ ಒಬ್ಬೊಬ್ಬ ಕಲಾವಿದನಿಗೆ ಒಬ್ಬೊಬ್ಬ ಕೊಲಂಬಸ್. 1893ರಲ್ಲಿ ಅಮೆರಿಕದ ಅಂಚೆ ಇಲಾಖೆ ಹೊರತಂದ 16 ಚೀಟಿಗಳ ಮಾಲೆಯಲ್ಲಿ 1 ಸೆಂಟಿನ ಚೀಟಿಯ ಕೊಲಂಬಸ್ ನುಣ್ಣಗೆ ಕ್ಷೌರ ಮಾಡಿಕೊಂಡು ನೆಲ ಕಾಣುತ್ತಾನೆ. 2 ಸೆಂಟಿನ ಚೀಟಿಯಲ್ಲಿ ದಡಕ್ಕೆ ಇಳಿಯುವಷ್ಟರಲ್ಲಿ ಗಡ್ಡ ಬಂದುಬಿಟ್ಟಿದೆ! ಪಟದ ಬೆಲೆ ಕಟ್ಟುವಾಗ 'ಮುಖ ಹೋಲುತ್ತದೆ' ಎಂಬ ಮಾತಿಗೆ ಕಿಮ್ಮತ್ತಿಲ್ಲ.

ಎಲ್ಲ ಕಡೆ ಕಾಣುವ 'ದಡಕ್ಕೆ ಇಳಿಯುವ' ಚಿತ್ರ ಯಾರದು?

ಮುಖ್ಯವಾಗಿ ಮೂರು ಮೂಲಗಳಿವೆ. ಕೊಲಂಬಸನ ಭಂಗಿ ನೋಡಿದರೆ ಯಾವುದೆಂದು ಹೇಳಬಹುದು.

ತಲೆ ಬರಿದು, ಟೋಪಿ ಕಾಲ ಬಳಿ, ನಿಂತುಕೊಂಡು ರಾಜಧ್ವಜ ಎತ್ತಿದ್ದರೆ ಅದು ಜಾನ್ ವ್ಯಾಂಡರ್ಲಿನ್‌ನದು. 1836ರಲ್ಲಿ ಅಮೆರಿಕದ ಸಂಸತ್ತು ಬರೆಯಲು ಹೇಳಿತು, 1847ರಲ್ಲಿ ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡದ ಗುಮ್ಮಟದಡಿ ತೂಗುಬಿತ್ತು, ಈಗಲೂ ಅಲ್ಲೇ ಇದೆ. ಮೂಲ ಸುಮಾರು 12 ಅಡಿ ಎತ್ತರ, 18 ಅಡಿ ಅಗಲ. ಮೇಲೆ ಹೇಳಿದ 2 ಸೆಂಟಿನ ಚೀಟಿಯೂ ಇದರದೇ ನಕಲು.

ಮಂಡಿಯೂರಿ ಆಕಾಶ ನೋಡುತ್ತಿದ್ದರೆ ಸ್ಪೇನಿನ ದಿಯೋಸ್ಕೊರೊ ಪುಯೆಬ್ಲಾ 1862ರಲ್ಲಿ ಬರೆದದ್ದು. ಅದು ಮ್ಯಾಡ್ರಿಡಿನ ಪ್ರಾದೊ ಸಂಗ್ರಹಕ್ಕೆ ಸೇರಿದೆ. ಸ್ಥಳೀಯರು ಬಂಗಾರದ ಒಡವೆ ಹಿಡಿದು ಎದುರು ಬರುತ್ತಿದ್ದು, ಪಕ್ಕದಲ್ಲಿ ಸೈನಿಕರು ಶಿಲುಬೆ ನಿಲ್ಲಿಸುತ್ತಿದ್ದರೆ ಅದು ಥಿಯೊಡರ್ ಡಿ ಬ್ರೈ 1594ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹೊರತಂದ ತಾಮ್ರದ ಕೆತ್ತನೆ.

## ಯಾವ ಅಚ್ಚು, ಯಾವ ಕಾಲ

ಯಾವ ಬಗೆಯ ಅಚ್ಚು ಅಂತ ಮನೆಯಲ್ಲೇ ಕಂಡುಹಿಡಿಯೋದು ಹೇಗೆ?

ಬೇಕಾದ್ದು 10 ಪಟ್ಟಿನ ಭೂತಗನ್ನಡಿ, ಟಾರ್ಚು, ಒಂದು ಅಳತೆಪಟ್ಟಿ. ಮೊದಲು ಚಿತ್ರದ ವಿಷಯ ಮರೆತು ಗೆರೆ ನೋಡಿ.

ಮರದಚ್ಚಿನಲ್ಲಿ ಶಾಯಿ ನಿಲ್ಲುವುದು ಉಬ್ಬಿದ ಭಾಗದ ಮೇಲೆ. ಒತ್ತಿದಾಗ ಶಾಯಿ ಬದಿಗೆ ಹಿಂಡುತ್ತದೆ, ಆದ್ದರಿಂದ ಗೆರೆಯ ಅಂಚು ನಡುವಿಗಿಂತ ಕಪ್ಪು. ಕೊಲಂಬಸನ 1493ರ ಪತ್ರದ ಬಾಸೆಲ್ ಆವೃತ್ತಿಯ ಚಿತ್ರಗಳು ಈ ಬಗೆಯವು. ತಾಮ್ರದ ಕೆತ್ತನೆಯಲ್ಲಿ ಇದು ತಲೆಕೆಳಗು: ಶಾಯಿ ತಗ್ಗಿನಲ್ಲಿ ಕೂತು ಕಾಗದವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗೆರೆ ತುದಿಯಲ್ಲಿ ಸೂಜಿಯಂತೆ ಸಣ್ಣಗಾಗುತ್ತದೆ, ಓರೆ ಬೆಳಕಿನಲ್ಲಿ ಉಬ್ಬಿ ಕಾಣುತ್ತದೆ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ಆಯತಾಕಾರದ ತಗ್ಗು ಗುರುತು ಇರುತ್ತದೆ. ಉಕ್ಕಿನ ಕೆತ್ತನೆ 1820ರ ದಶಕದಿಂದ ಬಂದದ್ದು. ತಾಮ್ರದ ತಗಡು ಕೆಲವು ಸಾವಿರ ಪ್ರತಿಗೆ ಸವೆದರೆ ಉಕ್ಕಿನದು ಹತ್ತಾರು ಸಾವಿರಕ್ಕೆ ತಾಳುತ್ತಿತ್ತು. ಅದರ ಗೆರೆ ಕೂದಲಿಗಿಂತ ಸಣ್ಣ, ಬಣ್ಣ ಬೂದು. ಮೆಕ್ಸಿಕೊ, ಪೆರು ಚರಿತ್ರೆಯ ಪುಸ್ತಕಗಳಿಂದ ಕಿತ್ತು ಕಟ್ಟು ಹಾಕಿದ ಹಾಳೆಗಳಲ್ಲಿ ಬಹುಪಾಲು ಇವೇ.

ಕಲ್ಲಚ್ಚಿನಲ್ಲಿ ಉಬ್ಬು ತಗ್ಗು ಇಲ್ಲ; ಬಳಪದಲ್ಲಿ ಬರೆದಂಥ ತರಿತರಿ ಮೈ. ಬಣ್ಣದ ಕಲ್ಲಚ್ಚಿಗೆ ಒಂದು ಬಣ್ಣಕ್ಕೆ ಒಂದು ಕಲ್ಲು, ಹಾಗಾಗಿ ಮುಖವೊಂದರಲ್ಲೇ ಆರೇಳು ಬಣ್ಣದ ಕ್ರಮವಿಲ್ಲದ ಚುಕ್ಕಿಗಳು ಕಾಣಬಹುದು. ಅಜ್ಜಿಯ ದೇವರಕೋಣೆಯಲ್ಲಿ ರವಿವರ್ಮನ ಹಳೆಯ ಲಕ್ಷ್ಮಿ ಸರಸ್ವತಿ ಪಟವಿದ್ದರೆ ಅದರ ಮೇಲೆ ಕನ್ನಡಿ ಹಿಡಿದು ನೋಡಿ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಆ ಮುದ್ರಣಾಲಯದ ವಿಧಾನವೂ, ಬಾಸ್ಟನ್ನಿನ ಪ್ರ್ಯಾಂಗ್ ಕಂಪನಿ 1893ರಲ್ಲಿ ಅಚ್ಚು ಹಾಕಿದ ಕೊಲಂಬಸ್ ಪಟದ ವಿಧಾನವೂ ಒಂದೇ. ಕಣ್ಣು ಪಳಗಿಸಲು ಅದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಆಫ್‌ಸೆಟ್ ಅಚ್ಚಿನಲ್ಲಿ ನೀಲಿ, ಕೆನ್ನೇರಳೆ, ಹಳದಿ, ಕಪ್ಪು ಚುಕ್ಕಿಗಳು ಸಾಲು ತಪ್ಪದೆ ಕೂತು ಪುಟ್ಟ ಹೂವಿನಂತೆ ಕಾಣುತ್ತವೆ. ಇಂಥ ಚುಕ್ಕಿ ಇರುವ ಪಟವನ್ನು ಯಾರಾದರೂ '1850ರದು' ಎಂದರೆ ನಂಬಬೇಡಿ. ಆಗ ಆ ತಂತ್ರವೇ ಇರಲಿಲ್ಲ. ಇಂಕ್‌ಜೆಟ್ ಆಗಿದ್ದರೆ ಚುಕ್ಕಿಗಳು ತೀರ ಸಣ್ಣವು, ಎರಚಿದ ಹಾಗೆ, ಸಾಲೇ ಇಲ್ಲ.

ಕೆಳಗೆ ಸಣ್ಣಕ್ಷರದಲ್ಲಿ 'ಇನ್ವೆ.', 'ಸ್ಕಲ್ಪ್.' ಅಂತೆಲ್ಲ ಇದೆ. ಹೆಸರುಗಳಾ ಅವು?

ಹೆಸರಲ್ಲ, ಕೆಲಸ. ಲ್ಯಾಟಿನ್ ಪದಗಳನ್ನು ಮೊಟಕು ಮಾಡಿದ್ದು. 'ಪಿಂಕ್ಸಿಟ್' ಎಂದರೆ ಮೂಲ ತೈಲಚಿತ್ರ ಬರೆದವನು, 'ಇನ್ವೆನಿಟ್' ಕಲ್ಪನೆ ಕೊಟ್ಟವನು, 'ಡೆಲಿನಿಯಾವಿಟ್' ಅಚ್ಚಿಗಾಗಿ ರೇಖೆ ಬರೆದವನು, 'ಸ್ಕಲ್ಪ್ಸಿಟ್' ತಗಡಿನಲ್ಲಿ ಕೆತ್ತಿದವನು, 'ಎಕ್ಸ್‌ಕುಡಿಟ್' ಅಚ್ಚು ಹಾಕಿ ಮಾರಿದವನು. ಸಾಮಾನ್ಯವಾಗಿ ಎಡಮೂಲೆಯಲ್ಲಿ ಚಿತ್ರಕಾರ, ಬಲಮೂಲೆಯಲ್ಲಿ ಕೆತ್ತನೆಗಾರ, ನಡುವೆ ಪ್ರಕಾಶಕನ ಹೆಸರು ಮತ್ತು ಊರು. ಕಾಲ ಗುರುತಿಸಲು ಹೆಚ್ಚು ಉಪಯೋಗಕ್ಕೆ ಬರುವುದು ಈ ಕೊನೆಯದು. ತಗಡು ಕೈ ಬದಲಾದಾಗ ಹೊಸ ಪ್ರಕಾಶಕ ಹಳೆಯ ಹೆಸರನ್ನು ಉಜ್ಜಿ ತನ್ನದನ್ನು ಕೆತ್ತಿಸುತ್ತಿದ್ದ. ಆ ಜಾಗದಲ್ಲಿ ಉಜ್ಜಿದ ಮಸುಕು ಕಂಡರೆ ಅದು ಆಮೇಲಿನ ಪ್ರತಿ. ಕಟ್ಟು ಹಾಕುವಾಗ ಈ ಸಾಲನ್ನು ಮೌಂಟ್ (ಚಿತ್ರದ ಮೇಲೆ ಕೂರುವ, ನಡುವೆ ಕಿಟಕಿ ಕೊರೆದ ರಟ್ಟು) ಅಡಿ ಮುಚ್ಚಿಬಿಡುವುದು, ಇಲ್ಲವೇ ಕತ್ತರಿಸಿಬಿಡುವುದು ಬಹಳ ಕಡೆ ನಡೆದಿದೆ. ಕೊಳ್ಳುವ ಮೊದಲೇ ಕೇಳಿ.

ಪಟದಲ್ಲಿ 1594 ಅಂತ ಅಚ್ಚಾಗಿದೆ. ಹಾಗಾದರೆ 400 ವರ್ಷ ಹಳೆಯದಾ?

ಇಸವಿ ತಗಡಿನ ಮೇಲಿತ್ತು. ಆ ತಗಡಿನ ಚಿತ್ರವನ್ನು ನಿನ್ನೆಯೂ ನಕಲು ಮಾಡಿರಬಹುದು. ಕಾಗದವನ್ನು ಕೇಳಿ.

ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಹಳೆಯ ಕೈಕಾಗದದಲ್ಲಿ ಒತ್ತೊತ್ತಾದ ಸಣ್ಣ ಗೆರೆಗಳೂ, ಅವಕ್ಕೆ ಅಡ್ಡವಾಗಿ ಸುಮಾರು 25 ಮಿಲಿಮೀಟರಿಗೊಂದರಂತೆ ದೊಡ್ಡ ಗೆರೆಗಳೂ ಕಾಣುತ್ತವೆ. ಅದೃಷ್ಟವಿದ್ದರೆ ತಯಾರಕನ ನೀರಚ್ಚೂ ಸಿಗುತ್ತದೆ. ಗೆರೆಯಿಲ್ಲದ ಸಮಮೈ ಕಾಗದ ಯುರೋಪಿನಲ್ಲಿ ಬಂದದ್ದು 1750ರ ದಶಕದಲ್ಲಿ. ಅಂಥ ಕಾಗದದ ಮೇಲೆ 1594 ಇದ್ದರೆ ಅದು ನಕಲು ಅಥವಾ ಬಹಳ ತಡವಾದ ಪ್ರತಿ. ಆಮೇಲೆ ಕತ್ತಲ ಕೋಣೆಯಲ್ಲಿ 365 ನ್ಯಾನೊಮೀಟರಿನ ನೇರಳಾತೀತ ಟಾರ್ಚು ಬಿಡಿ. ಸುಮಾರು 1950ರ ನಂತರದ ಬಹುತೇಕ ಕಾಗದಗಳು, ಬಿಳುಪಿಗೆ ಸೇರಿಸಿದ ರಾಸಾಯನಿಕದಿಂದಾಗಿ, ಬಟ್ಟೆ ಸೋಪಿನ ಜಾಹೀರಾತಿನಂತೆ ನೀಲಿಬಿಳಿಯಾಗಿ ಹೊಳೆಯುತ್ತವೆ. ಹಳೆಯದು ಮಂಕಾಗಿಯೇ ಇರುತ್ತದೆ.

ಒಂದೇ ಪರೀಕ್ಷೆಗೆ ನಿಲ್ಲಬೇಡಿ. ಗೆರೆಯಿರುವ ಕಾಗದವನ್ನು ಈಗಲೂ ತಯಾರಿಸುತ್ತಾರೆ. ಖಾಲಿ ತಗಡು ಒತ್ತಿ ಸುಳ್ಳು ಗುರುತೂ ಮೂಡಿಸುತ್ತಾರೆ. ಟೀ ಡಿಕಾಕ್ಷನ್‌ನಲ್ಲಿ ಅದ್ದಿ ತೆಗೆದ ಕಾಗದದ ಕಂದು ಎಲ್ಲ ಕಡೆ ಒಂದೇ ಸಮ. ನಿಜವಾದ ಮುಪ್ಪು ಅಂಚಿನಲ್ಲಿ ಹೆಚ್ಚು, ಒಳಗೆ ಕಡಿಮೆ.

ಬಣ್ಣ ಆಗಲೇ ಹಾಕಿದ್ದಾ, ಆಮೇಲೆ ಯಾರೋ ತುಂಬಿದ್ದಾ?

ಕೆತ್ತನೆಗಳು ಕಪ್ಪುಬಿಳುಪಿನಲ್ಲೇ ಅಚ್ಚಾಗುತ್ತಿದ್ದವು, ಬಣ್ಣ ಕೈಯಿಂದ. ಹಾಳೆಯ ಹಿಂಬದಿ ನೋಡಿ. ಹಳೆಯ ತಾಮ್ರದ ಹಸಿರು ಕಾಲಕ್ರಮದಲ್ಲಿ ಕಾಗದವನ್ನು ಸುಟ್ಟು ಹಿಂದೆ ಕಂದುಕಲೆಯಾಗಿ ಇಣುಕುತ್ತದೆ. ಹುಲ್ಲು, ಮರ ಎಲ್ಲ ಹಚ್ಚಹಸಿರಾಗಿದ್ದು ಹಿಂಬದಿ ಶುಭ್ರವಾಗಿದ್ದರೆ ಬಣ್ಣ ಹೊಸದು. ಕಲೆ ಬಿದ್ದ ಜಾಗದ ಮೇಲೆ ಬಣ್ಣ ಹರಡಿ ಕೂತಿದ್ದರೂ ಅದೇ ಅರ್ಥ.

ಪೆನ್ಸಿಲಿನಲ್ಲಿ 125/500 ಅಂತ ಬರೆದು ಸಹಿ ಮಾಡಿದ್ದಾರೆ, ಅಪರೂಪದ್ದಾ?

500ರಲ್ಲಿ 125ನೆಯ ಪ್ರತಿ ಎಂದರ್ಥ. ಹೀಗೆ ಪ್ರತಿಗಳಿಗೆ ಸಂಖ್ಯೆ ಹಾಕುವ ಪದ್ಧತಿ 19ನೇ ಶತಮಾನದ ಕೊನೆಗೆ ಶುರುವಾಗಿ 20ನೆಯದರಲ್ಲಿ ಬೇರೂರಿದ್ದು. ಹಳೆಯ ಚಿತ್ರದ ಆಫ್‌ಸೆಟ್ ನಕಲಿಗೆ ಸಂಖ್ಯೆ ಹಾಕಿದ ಮಾತ್ರಕ್ಕೆ ಅದು ಅಪರೂಪವಾಗದು.

## ಚಿತ್ರದೊಳಗೆ ಏನಿದೆ

ಚಿತ್ರದಲ್ಲಿ ಇರೋದೆಲ್ಲ ಚರಿತ್ರೆಯಲ್ಲಿ ನಡೆದದ್ದೇನಾ? ತಪ್ಪು ಹಿಡಿಯೋದು ಹೇಗೆ?

ಈ ಪಟಗಳು 1492ರ ಬಗ್ಗೆ ಹೇಳುವುದಕ್ಕಿಂತ ಅವನ್ನು ಅಚ್ಚು ಹಾಕಿದ ಕಾಲದ ಬಗ್ಗೆ ಹೇಳುವುದೇ ಹೆಚ್ಚು. ತಪ್ಪು ಹುಡುಕುವುದು ಅದಕ್ಕೇ ಲಾಭ: ಒಂದೊಂದು ತಪ್ಪೂ ಕಾಲದ ಗುರುತು.

ತಲೆಯಿಂದ ಶುರು ಮಾಡಿ. ದೋಣಿಯನ್ನು ಕವುಚಿಟ್ಟ ಹಾಗೆ ಮುಂದೆ ಹಿಂದೆ ಚೂಪಾಗಿ, ನೆತ್ತಿಯ ಮೇಲೆ ಏಣು ಇರುವ ಉಕ್ಕಿನ ಟೋಪಿಗೆ ಮೊರಿಯನ್ ಎನ್ನುತ್ತಾರೆ. ಅದು ಬಳಕೆಗೆ ಬಂದದ್ದು 16ನೇ ಶತಮಾನದ ನಡುಭಾಗದಲ್ಲಿ. ಆದರೂ 1492ರ ಕೊಲಂಬಸನ ಆಳುಗಳಿಗೆ, 1513ರ ಬಾಲ್ಬೋವನಿಗೆ, 1519ರ ಕೊರ್ಟೆಸನಿಗೆ ಎಲ್ಲರಿಗೂ ಅದನ್ನೇ ತೊಡಿಸಿದ್ದಾರೆ. ಕೈಯಲ್ಲಿ ದೂರದರ್ಶಕ ಇದ್ದರೆ ಇನ್ನೂ ದೊಡ್ಡ ತಪ್ಪು, ಅದು ಹಾಲೆಂಡಿನಲ್ಲಿ ಬೆಳಕಿಗೆ ಬಂದದ್ದು 1608ರಲ್ಲಿ. ಕೆಂಪು ಹಳದಿ ಪಟ್ಟಿಯ ಬಾವುಟ 1785ರಲ್ಲಿ ಸ್ಪೇನಿನ ನೌಕಾಪಡೆಗೆಂದು ಆಯ್ಕೆಯಾದದ್ದು. ಕೊಲಂಬಸ್ ಒಯ್ದದ್ದು ಕೋಟೆ ಮತ್ತು ಸಿಂಹದ ಚಿಹ್ನೆಯ ರಾಜಧ್ವಜ. ನಾಯಕರ ಕೈಯಲ್ಲಿದ್ದದ್ದು ಹಸಿರು ಶಿಲುಬೆಯ ಜೊತೆ ಫರ್ಡಿನೆಂಡ್, ಇಸಬೆಲ್ಲಾ ಹೆಸರಿನ ಮೊದಲಕ್ಷರಗಳಿದ್ದ ಬಾವುಟ.

ಹಡಗು ನೋಡಿ. ಹಿಂಭಾಗ ಮಹಡಿಮನೆಯಂತೆ ಎತ್ತರವಾಗಿ, ಬದಿಯಲ್ಲಿ ಸಾಲು ಫಿರಂಗಿಗಳಿದ್ದರೆ ಅದು ಮುಂದಿನ ಕಾಲದ ಗ್ಯಾಲಿಯನ್. ನಿನ್ಯಾ, ಪಿಂಟಾ ಎರಡೂ ಸಣ್ಣ ಕ್ಯಾರವೆಲ್‌ಗಳು. ಸಾಂತಾ ಮರೀಯ ಸ್ವಲ್ಪ ದೊಡ್ಡದು. 1492ರ ಕ್ರಿಸ್‌ಮಸ್ ದಿನ ಅದು ಹಿಸ್ಪ್ಯಾನಿಯೋಲಾ ದ್ವೀಪದ ಬಳಿ ದಿಬ್ಬಕ್ಕೆ ತಗುಲಿ ಒಡೆದುಹೋಯಿತು. ಹಾಗಾಗಿ 'ಮೂರೂ ಹಡಗು ಸ್ಪೇನಿಗೆ ಮರಳಿದವು' ಎಂಬ ಪಟವೂ ಸುಳ್ಳು. 1493ರ ಬಾಸೆಲ್ ಮರದಚ್ಚಿನಲ್ಲಂತೂ ಅಟ್ಲಾಂಟಿಕ್ ದಾಟಿ ಬಂದದ್ದು ಹುಟ್ಟು ಹಾಕುವ ಮೆಡಿಟರೇನಿಯನ್ ದೋಣಿ! ಮೊದಲ ಯಾನದ ದೃಶ್ಯದಲ್ಲಿ ಕುದುರೆ ಕಂಡರೆ ಅದೂ ತಪ್ಪು. ಕುದುರೆಗಳು ಹೊರಟದ್ದು 1493ರ ಎರಡನೇ ಯಾನದಲ್ಲಿ.

ಸ್ಥಳೀಯರ ಚಿತ್ರಣ ಇನ್ನೂ ಕೆಟ್ಟದು. ಬ್ರೆಜಿಲ್ ಕರಾವಳಿಯ ಗರಿಗಳ ಉಡುಗೆಯನ್ನು ಕೆರಿಬಿಯನ್, ಮೆಕ್ಸಿಕೊ, ಪೆರು ಎನ್ನದೆ ಎಲ್ಲರಿಗೂ ಉಡಿಸಿ, ಮೈಕಟ್ಟನ್ನು ಗ್ರೀಕ್ ಶಿಲ್ಪಗಳಿಂದ ಎರವಲು ತಂದಿದ್ದಾರೆ. ಬರೆದವರಲ್ಲಿ ಬಹಳ ಜನ ಆ ನೆಲದ ಮೇಲೆ ಕಾಲಿಟ್ಟವರೇ ಅಲ್ಲ.

ಡಿ ಬ್ರೈ ಪಟಗಳಲ್ಲಿ ಸ್ಪೇನಿನವರು ಯಾಕೆ ಅಷ್ಟು ಕ್ರೂರಿಗಳಾಗಿ ಕಾಣ್ತಾರೆ?

ಡಿ ಬ್ರೈ ಲಿಯೇಜಿನಲ್ಲಿ ಹುಟ್ಟಿದ ಪ್ರಾಟೆಸ್ಟೆಂಟ್. ಆ ಊರನ್ನು ಬಿಟ್ಟು ಹೋದವನು. ಅಮೆರಿಕ ನೋಡಿದವನಲ್ಲ. 1590ರಿಂದ ಹೊರಟ ಅವನ ಮಾಲೆಯ ಓದುಗರಲ್ಲಿ ಬಹಳ ಜನ ಯುರೋಪಿನಲ್ಲಿ ಸ್ಪೇನಿನ ಎದುರಾಳಿಗಳು. ಹಾಗೆಂದು ಎಲ್ಲವೂ ಕಟ್ಟುಕಥೆ ಎಂದು ತಳ್ಳಿಹಾಕಲೂ ಬರುವುದಿಲ್ಲ. ಅವನು 1598ರಲ್ಲಿ ಚಿತ್ರ ಸೇರಿಸಿ ಅಚ್ಚು ಹಾಕಿದ ಬಾರ್ತೊಲೊಮೆ ದೆ ಲಾಸ್ ಕಾಸಾಸನ ವರದಿ 1552ರಲ್ಲಿ ಸ್ಪೇನಿನಲ್ಲೇ ಪ್ರಕಟವಾದದ್ದು. ಬರೆದವನು ಸೆವಿಲ್ಲೆಯ ಪಾದ್ರಿ. ಹಿಂಸೆಯ ಸುದ್ದಿಗೆ ಆಧಾರವಿದೆ, ದೃಶ್ಯ ಮಾತ್ರ ಸ್ಟುಡಿಯೋದಲ್ಲಿ ಹುಟ್ಟಿದ್ದು. ನಿಜವಾದ ಹಾಳೆಯಲ್ಲಿ ತಾಮ್ರದ ಚಿತ್ರದ ಜೊತೆಗೆ ಅಚ್ಚುಮೊಳೆಯ ಲ್ಯಾಟಿನ್ ಅಥವಾ ಜರ್ಮನ್ ಬರಹವಿರುತ್ತದೆ. ಬರಹವನ್ನು ಕತ್ತರಿಸಿ ತೆಗೆದ ಚಿತ್ರ ಅರ್ಧ ಹಾಳೆ ಇದ್ದಂತೆ.

ಮೆಗಲನ್ ಪಟದಲ್ಲಿ ಆನೆ ಹೊತ್ತು ಹಾರೋ ಹಕ್ಕಿ ಇದೆ. ನಮ್ಮ ಗಂಡಭೇರುಂಡ ಅಲ್ಲಿಗೆ ಹೋಯ್ತಾ?

ಉಗುರಲ್ಲಿ ಆನೆ ಕಂಡರೆ ವಿಜಯನಗರದ ಅಚ್ಯುತರಾಯನ ನಾಣ್ಯ ನೆನಪಾಗುವುದು ಸಹಜ. ಆದರೆ ಇದು ಒಂದೇ ತಲೆಯ ಹಕ್ಕಿ. ಅರಬ್ಬರ ಕಥೆಗಳ ರುಖ್, ಮಾರ್ಕೊ ಪೋಲೋ ಕೂಡ ಹೇಳಿದ್ದು. ಚಿತ್ರ ಯೊಹಾನೆಸ್ ಸ್ಟ್ರಾಡಾನಸ್ 16ನೇ ಶತಮಾನದ ಕೊನೆಗೆ ಕಲ್ಪಿಸಿದ್ದು, ಕೆತ್ತನೆಯಾದದ್ದು ಆಂಟ್‌ವರ್ಪಿನಲ್ಲಿ. ಅದೇ ಪಟದಲ್ಲಿ ಗಂಟಲಿಗೆ ಬಾಣ ಇಳಿಸಿಕೊಳ್ಳುತ್ತಿರುವ ದೈತ್ಯ ದಕ್ಷಿಣ ಅಮೆರಿಕದ ತುದಿಯ ಪ್ಯಾಟಗೋನಿಯಾದವನು: ಮೆಗಲನ್ ಜೊತೆ ಹೋಗಿ ಬಂದ ಪಿಗಫೆಟ್ಟಾನ ಬರಹದಿಂದ ಬಂದದ್ದು. 1519ರಲ್ಲಿ 5 ಹಡಗು ಹೊರಟು, 1522ರಲ್ಲಿ 'ವಿಕ್ಟೋರಿಯಾ' ಒಂದೇ 18 ಜನರೊಂದಿಗೆ ಮರಳಿತು. ಕರೆತಂದವನು ಎಲ್ಕಾನೊ. ಮೆಗಲನ್ 1521ರಲ್ಲೇ ಫಿಲಿಪೀನ್ಸಿನ ಮಾಕ್ಟಾನಿನಲ್ಲಿ ಸತ್ತಿದ್ದ. ಅವನು ಸ್ಪೇನಿಗೆ ಮರಳುವ ಪಟ ಯಾರಾದರೂ ತೋರಿಸಿದರೆ ನಕ್ಕು ಮುಂದೆ ಹೋಗಿ.

## ಕಟ್ಟು, ಗಾಜು, ಮಳೆಗಾಲ

ಹಳೆಯ ಕಟ್ಟು ನಾವೇ ಬಿಚ್ಚಬಹುದಾ?

ಬಿಚ್ಚಬಹುದು, ಅವಸರ ಬೇಡ. ಮೊದಲು ಮುಂದೆ ಹಿಂದೆ ಫೋಟೊ ತೆಗೆದುಕೊಳ್ಳಿ. ಹಿಂದಿನ ಅಂಗಡಿ ಚೀಟಿ, ಒಳಗೆ ತುರುಕಿದ ಹಳೆ ಪತ್ರಿಕೆ ಎರಡೂ ಕಟ್ಟು ಹಾಕಿದ ಕಾಲಕ್ಕೆ ಸಾಕ್ಷಿ, ಎಸೆಯಬೇಡಿ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ ಗಾಜು ಕೆಳಗೆ ಬರುವಂತೆ ಮಲಗಿಸಿ. ಧೂಳು ಹೋಗದಂತೆ ಹಿಂಬದಿಗೆ ಅಂಟಿಸಿದ ಕಾಗದವನ್ನು ಬ್ಲೇಡಿನಿಂದ ಅಂಚಿನ ಗುಂಟ ಕೊಯ್ಯಿರಿ. ಮೊಳೆಗಳನ್ನು ಇಕ್ಕಳದಿಂದ ನೇರ ಎಳೆಯಿರಿ. ಮೇಲಕ್ಕೆ ಮೀಟಿದರೆ ಹಳೆ ಮರ ಸೀಳುತ್ತದೆ. ಹಿಂದಿನ ಹಲಗೆ ತೆಗೆದ ಮೇಲೆ ಹಾಳೆಯನ್ನು ಕೈಯಿಂದ ಎತ್ತಬೇಡಿ. ಕೆಳಗೆ ದಪ್ಪ ರಟ್ಟು ಜಾರಿಸಿ ರಟ್ಟಿನೊಂದಿಗೇ ಎತ್ತಿ.

ಅಮೆರಿಕದ ಹಳೆಯ ಕಟ್ಟುಗಳ ಹಿಂದೆ ತೆಳು ಮರದ ಪಟ್ಟಿಗಳಿರುತ್ತವೆ. ಅವುಗಳ ಆಮ್ಲ ಹರಿದು ಹಾಳೆಯ ಮೇಲೆ ಕಂದು ಪಟ್ಟೆ ಬಿದ್ದಿರುತ್ತದೆ. ಕಿಟಕಿ ಮೌಂಟಿನ ಅಂಚಿನುದ್ದಕ್ಕೂ ಕಂದು ಗೆರೆ ಇದ್ದರೆ ಮೌಂಟ್ ಅಗ್ಗದ್ದು ಎಂದರ್ಥ. ಎರಡನ್ನೂ ಮರಳಿ ಬಳಸಬೇಡಿ.

ಹಾಳೆ ಗಾಜಿಗೆ ಅಂಟಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ. ಎಳೆದರೆ ಕಾಗದ ಈಚೆ, ಶಾಯಿ ಗಾಜಿನಲ್ಲಿ. ಗಾಜಿನ ಸಮೇತ ಕಾಗದ ಸಂರಕ್ಷಣೆ ಬಲ್ಲವರ ಬಳಿ ಒಯ್ಯಿರಿ.

ಹೊಸ ಕಟ್ಟು ಹಾಕಿಸುವಾಗ ಅಂಗಡಿಯವರಿಗೆ ಏನೇನು ಹೇಳಬೇಕು?

ಮೂರು 'ಬೇಡ' ಮೊದಲೇ ಹೇಳಿಬಿಡಿ: ಹಾಳೆಯನ್ನು ರಟ್ಟಿಗೆ ಪೂರ್ತಿ ಅಂಟಿಸಬೇಡಿ, ಸೆಲೋಟೇಪ್ ಬೇಡ, ಅಂಚು ಕತ್ತರಿಸಬೇಡಿ. ನಮ್ಮ ಕಡೆ ದೇವರ ಪಟ, ಮದುವೆ ಫೋಟೊ ಕಟ್ಟುವವರು ಬಿಳಿ ಅಂಟು ಬಳಿದು ಹಾರ್ಡ್‌ಬೋರ್ಡಿಗೆ ಒತ್ತುವುದು ವಾಡಿಕೆ. ಅವರ ಕೆಲಸಕ್ಕೆ ಅದು ಸರಿ. ಹಳೆಯ ಕೆತ್ತನೆಗೆ ಮಾತ್ರ ಅದು ಶಾಶ್ವತ ಗಾಯ.

ಆಮ್ಲರಹಿತ ಮೌಂಟ್ ಬೋರ್ಡು, ಸಾಧ್ಯವಾದರೆ ಪೂರ್ತಿ ಹತ್ತಿಯದು, ಕನಿಷ್ಠ 1.4 ಮಿಲಿಮೀಟರ್ ದಪ್ಪ ಕೇಳಿ. ಹಾಳೆಯನ್ನು ಮೇಲಂಚಿನಲ್ಲಿ ಎರಡೇ ಕಡೆ, ಜಪಾನಿ ಕಾಗದದ ಪಟ್ಟಿಯಿಂದ ಗೋಧಿ ಪಿಷ್ಟದ ಅಂಟಿನಲ್ಲಿ ತೂಗುಬಿಡಬೇಕು. ಉಳಿದ ಮೂರು ಬದಿ ಬಿಡುವಾಗಿದ್ದರೆ ಮಳೆಗಾಲದಲ್ಲಿ ಹಿಗ್ಗಿದ ಕಾಗದ ಸುಕ್ಕಾಗುವುದಿಲ್ಲ. ಪೋಸ್ಟರ್ ಅಂಟಿಸುವ ಮೈದಾ ಗಂಜಿ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಮೈದಾದಲ್ಲಿ ಪಿಷ್ಟದ ಜೊತೆ ಪ್ರೊಟೀನೂ ಇದೆ. ಹುಳಕ್ಕೆ ಊಟ ಬಡಿಸಿದಂತೆ.

ಅಳತೆಯ ಲೆಕ್ಕ ಹೀಗೆ: ತಗಡಿನ ಗುರುತು 20 × 16 ಸೆಂಟಿಮೀಟರ್ ಇದೆ ಎನ್ನಿ. ಗುರುತು ಕಾಣುವಂತೆ ಸುತ್ತ 1 ಸೆಂಟಿಮೀಟರ್ ಬಿಟ್ಟರೆ ಕಿಟಕಿ 22 × 18. ಎಡ, ಬಲ, ಮೇಲೆ 7, ಕೆಳಗೆ 8 ಸೆಂಟಿಮೀಟರ್ ಕೊಟ್ಟರೆ ಮೌಂಟ್ 36 × 33. ಕಟ್ಟಿನ ಒಳ ಅಳತೆಗೆ ಇನ್ನೊಂದು 2–3 ಮಿಲಿಮೀಟರ್ ಸಡಿಲ ಇರಲಿ. ಕೆಳಗೆ ಆ 1 ಸೆಂಟಿಮೀಟರ್ ಹೆಚ್ಚಿಗೆ ಯಾಕೆಂದರೆ ನಾಲ್ಕೂ ಬದಿ ಸಮ ಇದ್ದಾಗ ಚಿತ್ರ ಕೆಳಕ್ಕೆ ಜಾರಿದಂತೆ ಕಾಣುತ್ತದೆ.

ಸಾದಾ ಗಾಜು ಸಾಕಾ?

ಆಫ್‌ಸೆಟ್ ಪಟಕ್ಕೆ ಸಾಕು. ಕೈಬಣ್ಣದ ಕೆತ್ತನೆ, ಬಣ್ಣದ ಕಲ್ಲಚ್ಚುಗಳಿಗೆ ನೇರಳಾತೀತ ಕಿರಣ ತಡೆಯುವ ಗಾಜು ಬೇಕು. ಆದರೆ ಯಾವ ಗಾಜೂ ಬೆಳಕಿನ ಹಾನಿಯನ್ನು ಪೂರ್ತಿ ತಡೆಯುವುದಿಲ್ಲ; ಮ್ಯೂಸಿಯಂಗಳು ಕಾಗದದ ಕೃತಿಗಳನ್ನು 50 ಲಕ್ಸ್ ಆಸುಪಾಸಿನ ಬೆಳಕಿನಲ್ಲಿಡುತ್ತವೆ, ನಮ್ಮ ನಡುಮನೆಯ ಕಿಟಕಿ ಪಕ್ಕದ ಗೋಡೆಗೆ ಬೀಳುವುದು ಅದರ ಎಷ್ಟೋ ಪಟ್ಟು. ಗಾಜು ಹಾಳೆಗೆ ತಾಗದಂತೆ ನಡುವೆ ಮೌಂಟಿನ ದಪ್ಪವಾದರೂ ಇರಲೇಬೇಕು. 2 ಮಿಲಿಮೀಟರ್ ಗಾಜು ಚದರ ಮೀಟರಿಗೆ 5 ಕಿಲೊ ತೂಗುತ್ತದೆ. 60 × 80 ಸೆಂಟಿಮೀಟರಿನ ಪಟದಲ್ಲಿ ಗಾಜೊಂದೇ 2.4 ಕಿಲೊ. ಒಂದು ಮೊಳೆ ನಂಬಬೇಡಿ, ಎರಡು ತಿರುಪು ಹಾಕಿ. ಒರೆಸುವಾಗ ದ್ರಾವಣವನ್ನು ಬಟ್ಟೆಗೆ ಸಿಂಪಡಿಸಿ, ಗಾಜಿಗಲ್ಲ. ಗಾಜಿನಿಂದ ಇಳಿದ ಹನಿ ಕಟ್ಟಿನ ಸಂದಿಯಿಂದ ನೇರ ಮೌಂಟಿಗೆ ಇಳಿಯುತ್ತದೆ.

ಮಂಗಳೂರಿನ ಮನೆ. ಮಳೆಗಾಲ ಬಂದರೆ ಗಾಜಿನ ಒಳಗೇ ಬೂಷ್ಟು. ಏನು ಮಾಡೋದು?

ಗಾಳಿಯ ತೇವಾಂಶ ಶೇ. 65–70 ದಾಟಿ ಹಾಗೇ ನಿಂತರೆ ಬೂಷ್ಟು ಏಳುತ್ತದೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ದಾಟಿಯೇ ಇರುತ್ತದೆ. ಮೊದಲ ಉಪಾಯ ಜಾಗ ಬದಲಿಸುವುದು. ಮಳೆ ಹೊಡೆಯುವ ಹೊರಗೋಡೆ, ಬಚ್ಚಲುಮನೆಗೆ ಅಂಟಿದ ಗೋಡೆ ಬೇಡ, ಒಳಗೋಡೆ ಇರಲಿ. ಕಟ್ಟಿನ ಹಿಂದೆ ಕೆಳಮೂಲೆಗಳಲ್ಲಿ ಬೆರಳಷ್ಟು ದಪ್ಪದ ಕಾರ್ಕ್ ಅಥವಾ ರಬ್ಬರ್ ಗುಂಡಿ ಅಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿಯಾಡುತ್ತದೆ. ಈ ಒಂದು ಕೆಲಸದಿಂದ ಅರ್ಧ ತೊಂದರೆ ತಪ್ಪುತ್ತದೆ.

ಬೂಷ್ಟು ಬಂದೇಬಿಟ್ಟಿದ್ದರೆ ಬೇರೆ ಪಟಗಳಿಂದ ದೂರ ಇಡಿ. ಒಣಹವೆಯ ದಿನ, ಮಾಸ್ಕ್ ಹಾಕಿಕೊಂಡು, ಹೊರಗೆ ನೆರಳಲ್ಲಿ ಬಿಚ್ಚಿ ಹಾಳೆಯನ್ನು ಪೂರ್ತಿ ಒಣಗಲು ಬಿಡಿ. ಹಸಿ ಇರುವಾಗ ಒರೆಸಿದರೆ ಕಲೆ ಒಳಕ್ಕೆ ಇಳಿಯುತ್ತದೆ. ಒಣಗಿದ ಮೇಲೆ ಮೆತ್ತನೆ ಕುಂಚದಿಂದ ಹೊರಕ್ಕೆ ಗುಡಿಸಿ. ಬಿಸಿಲಿಗೆ ಇಡಬೇಡಿ. ಕಟ್ಟಿನೊಳಗೆ ನುಸಿಗುಳಿಗೆ ಹಾಕುವವರಿದ್ದಾರೆ. ಅದರ ಆವಿ, ಹಿಂದೆ ಹಾಕಿದ ಫೋಮ್ ಬೋರ್ಡಿನ ಒಳತಿರುಳನ್ನೇ ಕರಗಿಸಬಲ್ಲದು.

ಕಂದು ಚುಕ್ಕಿಗಳನ್ನು ಬ್ಲೀಚಿಂಗ್ ಹಾಕಿ ತೆಗೀಬಹುದಾ?

ಬೇಡ. ಅಡುಗೆಮನೆಯ ಬ್ಲೀಚು ಚುಕ್ಕಿಯ ಜೊತೆ ಕಾಗದದ ನಾರನ್ನೂ ತಿನ್ನುತ್ತದೆ; ಪೂರ್ತಿ ತೊಳೆದು ಹೋಗದೆ ಉಳಿದ ಅಂಶ ಕೆಲವೇ ವರ್ಷಗಳಲ್ಲಿ ಇನ್ನೂ ದೊಡ್ಡ ಹಳದಿ ಕಲೆ ತರುತ್ತದೆ. ಬಿಡಿ ಚುಕ್ಕಿಗಳನ್ನು ಹಾಗೇ ಬಿಡುವುದು ಜಾಣತನ.

## ಕೊಳ್ಳುವುದು, ಅಚ್ಚು ಹಾಕಿಸುವುದು, ತೂಗುಹಾಕುವುದು

ಮೂಲ ಬೇಡ, ಒಳ್ಳೆಯ ನಕಲು ಸಾಕು. ಎಲ್ಲಿಂದ, ಹೇಗೆ?

ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಆಮ್‌ಸ್ಟರ್ಡಾಮಿನ ರೈಕ್ಸ್‌ಮ್ಯೂಸಿಯಂ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇವೆಲ್ಲ ಹಕ್ಕು ಮುಗಿದ ಕೃತಿಗಳ ದೊಡ್ಡ ಫೈಲುಗಳನ್ನು ಪುಕ್ಕಟೆ ಕೊಡುತ್ತವೆ. ಭಾರತದ ಕಾನೂನಿನಲ್ಲಿ ಕಲಾವಿದ ಸತ್ತ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಡಿ ಬ್ರೈ, ವ್ಯಾಂಡರ್ಲಿನ್ ಬಗ್ಗೆ ಚಿಂತೆಯಿಲ್ಲ. ಎ3 ಹಾಳೆಗೆ ಇಂಚಿಗೆ 300 ಚುಕ್ಕಿಯಂತೆ 3508 × 4961 ಪಿಕ್ಸೆಲ್ ಬೇಕು. ತಾಮ್ರದ ಕೆತ್ತನೆಗೆ ಇದಕ್ಕಿಂತ ಕಡಿಮೆಯಾದರೆ ಒತ್ತುಗೆರೆಗಳು ಕಲಸಿ ಬೂದು ಮಸುಕಾಗುತ್ತವೆ. ತೈಲಚಿತ್ರಕ್ಕೆ 200 ಆದರೂ ನಡೆಯುತ್ತದೆ. ಸುಮಾರು 300 ಜಿಎಸ್‌ಎಮ್‌ನ (ಚದರ ಮೀಟರಿಗೆ 300 ಗ್ರಾಂ ತೂಗುವ) ಹೊಳಪಿಲ್ಲದ ಹತ್ತಿ ಕಾಗದ, ಪಿಗ್ಮೆಂಟ್ ಶಾಯಿ ಎಂದು ಕೇಳಿ. ಕಾಗದದ ಹಳೆ ಕಂದು ಬಣ್ಣವನ್ನು ಫೈಲಿನಲ್ಲಿ ಬಿಳಿ ಮಾಡಿಸಬೇಡಿ, ಚಿತ್ರ ಬಡವಾಗುತ್ತದೆ. ಹಿಂಬದಿಯಲ್ಲಿ 'ನಕಲು' ಎಂದೂ ಇಸವಿಯನ್ನೂ ಪೆನ್ಸಿಲಿನಲ್ಲಿ ಬರೆದಿಡಿ. ಮೊಮ್ಮಕ್ಕಳು ಮೋಸ ಹೋಗಬಾರದಲ್ಲ.

ಮ್ಯಾಡ್ರಿಡಿನಲ್ಲಿ ಹಳೆಯ ಪಟ ಕೊಂಡರೆ ಊರಿಗೆ ತರಬಹುದಾ?

ಭಾನುವಾರದ ರಾಸ್ತ್ರೊ ಸಂತೆ, ಮೊಯಾನೊ ಇಳಿಜಾರಿನ ಹಳೆಪುಸ್ತಕದ ಮಳಿಗೆಗಳಲ್ಲಿ ಬಿಡಿ ಹಾಳೆಗಳು ಸಿಗುತ್ತವೆ. ಆದರೆ ಸ್ಪೇನಿನ 1985ರ ಪರಂಪರೆ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತುವನ್ನು ದೇಶದ ಹೊರಗೆ ಒಯ್ಯಲು ಅನುಮತಿ ಬೇಕು. ಕಾಗದಪತ್ರ ಮಾರುವವರಿಂದಲೇ ಮಾಡಿಸಿಕೊಳ್ಳಿ. ಭಾರತಕ್ಕೆ ಬಂದ ಮೇಲೆ ರಶೀದಿ, ಕಸ್ಟಮ್ಸ್ ಚೀಟಿ ಜೋಪಾನ. 100 ವರ್ಷ ಮೀರಿದ ಕಲಾಕೃತಿಯನ್ನು ಮತ್ತೆ ಹೊರಗೊಯ್ಯುವಾಗ 1972ರ ಪುರಾವಸ್ತು ಕಾಯ್ದೆ ಎದುರಾಗಬಹುದು. ತರುವಾಗ ಗಾಜು, ಕಟ್ಟು ಅಲ್ಲೇ ಬಿಟ್ಟು ಹಾಳೆಯನ್ನು ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿ ತನ್ನಿ.

ಬೆಲೆ ನಿಂತಿರೋದು ಯಾವುದರ ಮೇಲೆ?

ಅಚ್ಚಿನ ಬಗೆ, ಎಷ್ಟನೆಯ ಮುದ್ರಣ, ಅಂಚು ಪೂರ್ತಿ ಇದೆಯೇ, ಹಿಂದೆ ಅಂಟಿಸಿದ್ದಾರೆಯೇ, ಎಲ್ಲಿಂದ ಬಂತು ಎಂಬುದಕ್ಕೆ ಕಾಗದವಿದೆಯೇ, ಇದೇ ಕ್ರಮದಲ್ಲಿ. 1960–70ರ ದಶಕದ ಕಪ್ಪು ಮರದ ದಪ್ಪ ಕಟ್ಟಿನಲ್ಲಿರುವ ಮೊರಿಯನ್ ಟೋಪಿಯ ಯೋಧರ ಜೋಡಿಪಟಗಳು ಆಗಿನ ಗೃಹಾಲಂಕಾರದ ಸರಕು. ಅಲ್ಲಿ ಎಷ್ಟೋ ಸಲ ಪಟಕ್ಕಿಂತ ಕಟ್ಟಿಗೇ ಬೆಲೆ.

ಇದು ಆಕ್ರಮಣದ ಚಿತ್ರ. ಮನೆಯಲ್ಲಿ ತೂಗುಹಾಕೋದು ಸರಿಯಾ?

ಒಂಟಿಯಾಗಿ ತೂಗುಹಾಕಿದರೆ ಅದು ಗೆದ್ದವನ ಮಾತಷ್ಟೇ. ಪಕ್ಕದಲ್ಲಿ ಎದುರು ಕಡೆಯವರ ಚಿತ್ರವೊಂದು ಇರಲಿ ಎಂಬುದು ನಮ್ಮ ಸಲಹೆ, ಮತ್ತು ಅಂಥವು ಬೇಕಾದಷ್ಟಿವೆ. 1577ರ ಹೊತ್ತಿಗೆ ಮುಗಿದ ಫ್ಲಾರೆಂಟೈನ್ ಕೋಡೆಕ್ಸಿನಲ್ಲಿ ಮೆಕ್ಸಿಕೊದ ನಹುವಾ ಕಲಾವಿದರು ಬರೆದ ಸುಮಾರು 2500 ಚಿತ್ರಗಳಿವೆ. ಅದರ 12ನೆಯ ಭಾಗ ಪೂರ್ತಿ ಕೊರ್ಟೆಸನ ದಾಳಿಯದ್ದೇ. ಪೆರುವಿನ ಗುವಾಮನ್ ಪೋಮಾ 1615ರ ಸುಮಾರಿಗೆ ಮುಗಿಸಿದ, ಈಗ ಕೋಪನ್‌ಹೇಗನ್ನಿನ ಗ್ರಂಥಾಲಯದಲ್ಲಿರುವ ಹಸ್ತಪ್ರತಿಯಲ್ಲಿ 398 ರೇಖಾಚಿತ್ರಗಳಿವೆ. ಅದರಲ್ಲೊಂದರಲ್ಲಿ ಇಂಕಾ ದೊರೆ ಬಂಗಾರ ಮುಂದಿಟ್ಟು, ನೀನು ಇದನ್ನು ತಿನ್ನುತ್ತೀಯಾ ಎಂದು ಸ್ಪೇನಿನವನನ್ನು ಕೇಳುತ್ತಾನೆ. ಹೌದು, ತಿನ್ನುತ್ತೇವೆ ಎನ್ನುತ್ತಾನೆ ಅವನು. ಎರಡು ಹಸ್ತಪ್ರತಿಗಳೂ ಅಂತರಜಾಲದಲ್ಲಿ ನೋಡಲು ಸಿಗುತ್ತವೆ. ಆ ಪುಟವನ್ನು ಡಿ ಬ್ರೈ ಹಾಳೆಯ ಅಳತೆಗೇ ಅಚ್ಚು ಹಾಕಿಸಿ, ಅದೇ ಬಣ್ಣದ ಮೌಂಟು, ಅದೇ ಕಟ್ಟು ಕೊಟ್ಟು, ಎರಡರ ಮಧ್ಯಬಿಂದುವೂ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ, ನಡುವೆ 5 ಸೆಂಟಿಮೀಟರ್ ಬಿಟ್ಟು ತೂಗುಹಾಕಿ.